ನೀರಗಂಟಿ ಚಿಕ್ಕಯ್ಯ, ಎಂ.ಎ.

ಸಿಂಧಘಟ್ಟದ ಕಡೆಯ ನಾಲೆಯೊಂದರಲ್ಲಿ ಚಿಕ್ಕಯ್ಯ ಇಪ್ಪತ್ತೆಂಟು ವರ್ಷದಿಂದ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಂಡು ತೂಬು ತೆಗೆದು ಮುಚ್ಚುವುದು ಅವನ ಕೆಲಸ. ನಾಲೆ ಏರಿ ಮೇಲೆ ಕೂತೇ ಓದಿ ಬಿ.ಎ. ಮುಗಿಸಿದ್ದ. ಐವತ್ತೊಂದನೇ ವಯಸ್ಸಿಗೆ ದೂರಶಿಕ್ಷಣದಲ್ಲಿ ತತ್ವಶಾಸ್ತ್ರದ ಎಂ.ಎ.ಗೂ ಸೇರಿಬಿಟ್ಟ.

ಪ್ರಬಂಧಕ್ಕೆ ಆರಿಸಿಕೊಂಡದ್ದು ಇಬ್ಬರನ್ನು: ಕಾರ್ಲ್ ಮಾರ್ಕ್ಸ್, ಮತ್ತೆ ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿದ್ದ ಮೋತ್ಸು. ಬೇರೆಯವರ ಊರನ್ನೂ ನಿನ್ನೂರಿನಂತೆ ನೋಡು ಎಂದವನು ಮೋತ್ಸು. ದುಡಿಮೆಗೆ ಬೇಕಾದ ಸಾಧನ ಯಾರ ಕೈಯಲ್ಲಿದೆ, ಮೊದಲು ಅದನ್ನು ಕೇಳು ಎಂದವನು ಮಾರ್ಕ್ಸ್.

ಆ ವರ್ಷವೇ ಚಲುವರಾಜು ಎಂಬ ದೊಡ್ಡ ಜಮೀನಿನವನು ತೂಬಿಗೆ ತನ್ನದೇ ಬೀಗ ಜಡಿದು ನೀರನ್ನೆಲ್ಲ ತನ್ನ ಗದ್ದೆಗೇ ತಿರುಗಿಸಿಕೊಂಡ. ನಾಲೆಯ ಕೊನೆಯಲ್ಲಿ ಅರವತ್ತಮೂರು ಮನೆಯವರ ಪೈರು ಬಾಡತೊಡಗಿತು. ಚಿಕ್ಕಯ್ಯ ಅವನ ಮನೆಗೇ ಹೋದ.

“ಗೌಡ್ರೆ, ಕೊನೇ ಗದ್ದೆನೂ ನಿಮ್ದೇ ಅಂದ್ಕಳಿ.”

“ಓದಿ ಓದಿ ತಲೆ ಕೆಟ್ಟೋಯ್ತೇನ್ಲಾ?” ಚಲುವರಾಜು ನಕ್ಕು ಒಳಕ್ಕೆ ನಡೆದ.

ಚಿಕ್ಕಯ್ಯ ಅರವತ್ತಮೂರು ಮನೆಯನ್ನೂ ಸುತ್ತಿ ಸಂಘ ಕಟ್ಟಿದ. ಎಲ್ಲರೂ ಮೂರು ದಿನ ನೀರಾವರಿ ಕಚೇರಿ ಮುಂದೆ ಕೂತರು. ನಾಲ್ಕನೇ ದಿನ ಇಂಜಿನಿಯರೇ ಬಂದು ಬೀಗ ಒಡೆಸಿ, ಹೊಸ ಬೀಗದ ಕೈಯನ್ನು ಸಂಘಕ್ಕೆ ಕೊಟ್ಟರು. ನೀರು ಕೊನೆಯ ಗದ್ದೆಗೆ ನುಗ್ಗಿದಾಗ ಜನ ಕೆಸರಲ್ಲೇ ಕುಣಿದರು.

ಸಂಘದ ಲೋಕೇಶ್ ಮಾತ್ರ ಇನ್ನೂ ಕುದಿಯುತ್ತಿದ್ದ. “ಆ ಗೌಡ್ನಿಗೆ ಇನ್ನು ತೊಟ್ಟು ನೀರೂ ಬುಡಬ್ಯಾಡ ಚಿಕ್ಕಯ್ಯಣ್ಣ!” ಹತ್ತಾರು ಮಂದಿ ಹೌದೆಂದರು.

ಚಿಕ್ಕಯ್ಯ ತೂಬಿಗೆ ಅಡ್ಡ ನಿಂತ. “ಸರದಿ ಬಂದಾಗ ಅವ್ರಿಗೂ ಬುಡ್ತೀನಿ ಕಣ್ಲಾ. ಇಲ್ದಿದ್ರೆ ಅವ್ರು ಮಾಡಿದ್ದನ್ನೇ ನಾವೂ ಮಾಡ್ದಂಗಾಯ್ತು.” ಬಹಳ ಹೊತ್ತು ಜಗಳ ನಡೆಯಿತು. ಅವನು ಜಗ್ಗಲಿಲ್ಲ. ಸೋಮವಾರ ಚಲುವರಾಜುವಿನ ಗದ್ದೆಗೂ ಸರಿಯಾಗಿ ನೀರು ಹೋಯಿತು.

ಮೈಸೂರಿನ ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರು ಕೇಳಿದರು: “ಇಬ್ಬರಲ್ಲಿ ಯಾರು ಸರಿ?”

“ಬೀಗ ತೆಗ್ಸಕ್ಕೆ ಮಾರ್ಕ್ಸ್ ಬೇಕಾಯ್ತು ಸಾರ್. ಗೌಡ್ರಿಗೆ ನೀರು ಬುಡಕ್ಕೆ ಮೋತ್ಸು ಬೇಕಾಯ್ತು. ಆದ್ರೆ ಮೋತ್ಸು ಒಳ್ಳೇ ದೊರೆ ಬಂದು ಎಲ್ಲಾ ಸರಿ ಮಾಡ್ತಾನೆ ಅಂತಾನೆ. ನಾವು ದೊರೆನ ಕಾಯ್ಲಿಲ್ಲ.”

ಪ್ರೊಫೆಸರು ಎದ್ದು ನಿಂತು ಕೈ ಕುಲುಕಿದರು.

ಫಲಿತಾಂಶ ಬಂದ ದಿನ ಸಂಘದವರು ಅವನನ್ನು ಟ್ರಾಕ್ಟರು ಹತ್ತಿಸಿ ಊರೆಲ್ಲಾ ಮೆರೆಸಿದರು. ಪಕ್ಕದಲ್ಲಿ ಕೂತ ಹೆಂಡತಿ ಪಾರ್ವತಮ್ಮ ದಾರಿಯಲ್ಲಿ ಸಿಕ್ಕವರಿಗೆಲ್ಲ ಕೂಗಿ ಹೇಳಿದಳು: “ಫಸ್ಟ್ ಕ್ಲಾಸು ಕಣಿ, ಫಸ್ಟ್ ಕ್ಲಾಸು!”