ಪೊಲೀಸರು ವಿಚಾರಿಸಿದ ಹುಡುಗಿ

ದೇಶದ ಭದ್ರತೆ ನೋಡಿಕೊಳ್ಳುವ ಇಲಾಖೆಯೊಂದರಲ್ಲಿ ನಾನು ಹಿರಿಯ ಅಧಿಕಾರಿಯಾಗಿ ನಿವೃತ್ತಳಾದೆ. ಆದರೆ ಆ ನೌಕರಿಗೆ ಸೇರುವ ಮೊದಲೇ ನನ್ನ ಮದುವೆ ಮುರಿದುಬೀಳುವ ಹಾಗಾಗಿತ್ತು.

ಎಪ್ಪತ್ತರ ದಶಕದ ಕೊನೆ. ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಬಾಗಲೂರಿನ ಒಕ್ಕಲು ಮನೆತನದ ಹುಡುಗನ ಜೊತೆ ನಿಶ್ಚಿತಾರ್ಥ ಆಗಿತ್ತು. ಅವರು ಯಲಹಂಕದಲ್ಲಿ ಹೈಸ್ಕೂಲ್ ಮೇಷ್ಟ್ರು. ಅಷ್ಟರಲ್ಲಿ ನಾನು ನೌಕರಿಗೆ ಆಯ್ಕೆಯಾದೆ. ಏನು ಕೆಲಸ ಅಂತ ಯಾರಿಗೂ ಹೇಳಬಾರದೆಂದು ತಾಕೀತಾಯಿತು. ಅಮ್ಮನಿಗೂ 'ಸರ್ಕಾರಿ ಆಫೀಸು' ಅಂತಷ್ಟೇ ಹೇಳಿದ್ದೆ.

ಒಂದು ಬೆಳಿಗ್ಗೆ ಪೊಲೀಸಿನವರೊಬ್ಬರು ನಮ್ಮ ಬೀದಿಗೆ ಬಂದು ನನ್ನ ನಡತೆ ವಿಚಾರಿಸಿದರು. ಇಂಥ ಕೆಲಸಕ್ಕೆ ಸೇರುವವರನ್ನು ಹಾಗೆ ವಿಚಾರಿಸುವುದು ಪದ್ಧತಿ. ಬೀದಿಗೆ ಅದೆಲ್ಲ ಏನು ಗೊತ್ತು? ಸುದ್ದಿ ಬಾಗಲೂರು ಮುಟ್ಟಿತು. ಹುಡುಗನ ಸೋದರಮಾವ ಬಂದು ಕೂತರು. ಅಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ.

"ಪೊಲೀಸ್ನೋರು ಕೇಳ್ಕೊಂಡ್ ಓದ್ರಂತೆ. ಇಂಗಾದ್ರೆ ನಾವು ಎಂಗಮ್ಮ ಎಣ್ಣು ತರೋದು?"

ಪಕ್ಕದ ಮನೆಯ ಬಟ್ಟೆ ವ್ಯಾಪಾರಿಯ ಹೆಂಡತಿಯನ್ನು ನಾನು ಅವರ ಮಾತಿನಲ್ಲೇ 'ಖಾಲಾ', ಚಿಕ್ಕಮ್ಮ, ಅಂತಿದ್ದೆ. ಮಾತು ಕೇಳಿಸಿಕೊಂಡ ಅವರು ಸೆರಗು ತಲೆಮೇಲೆ ಎಳೆದುಕೊಂಡು ಒಳಗೆ ಬಂದರು.

"ಆ ಪೊಲೀಸಪ್ಪ ನಮ್ಮನೇಗೂ ಬಂದಿದ್ದ ಅಣ್ಣಾ. ನನ್ ಮಕ್ಳಿಗೆಲ್ಲಾ ಪಾಠ ಹೇಳ್ಕೊಟ್ಟಿರೋದು ಈ ಹುಡುಗೀನೇ ಅಂದೆ. ಚಾ ಕುಡ್ದು, ನಕ್ಕೊಂಡು ಹೋದ. ತಪ್ಪು ಮಾಡಿದೋರ್ನ ಹುಡ್ಕೋಕೆ ಬಂದೋನು ಹಂಗೆ ಹೋಗ್ತಾನಾ?"

ಮಾವ ಆರಿದ ಕಾಫಿಯನ್ನೇ ಎತ್ತಿ ಕುಡಿದರು. "ಉಡುಗನ್ನೇ ಕಳಿಸ್ತೀನಿ. ಅವನೇ ಮಾತಾಡ್ಲಿ," ಅಂದು ಎದ್ದರು.

ಮೇಷ್ಟ್ರು ಬಂದರು. ಹೆಬ್ಬಾಳ ಕೆರೆ ಏರಿಯ ಮೇಲೆ ಇಬ್ಬರೂ ನಡೆದೆವು.

"ಏನ್ ಕೆಲಸ ಅಂತ ಕೇಳ್ಬಹುದಾ?"

"ಕೇಳ್ಬಹುದು. ನಾನು ಹೇಳೋ ಹಾಗಿಲ್ಲ."

"ಕೆಟ್ಟ ಕೆಲಸ ಅಲ್ವಲ್ಲ?"

"ಅಲ್ಲ."

"ಮದುವೆ ಆದ್ಮೇಲೂ ಹೇಳಲ್ವಾ?"

"ಇಲ್ಲ."

ಅವರು ಯೋಚಿಸಿದರು. "ಹಾಗಾದ್ರೆ ಬೇರೆ ವಿಷಯಾನೇ ಜಾಸ್ತಿ ಮಾತಾಡ್ಬೇಕಾಗುತ್ತೆ."

ಎಷ್ಟೋ ದಿನಗಳ ಮೇಲೆ ನಕ್ಕೆ. ಆಷಾಢ ಕಳೆದ ಮೇಲೆ ಮದುವೆಯಾಯಿತು.

ಕೆಲವು ವರ್ಷ ದಿಲ್ಲಿ, ಆಮೇಲೆ ಗಡಿಯ ಊರುಗಳು. ಎಂಬತ್ತರ ದಶಕದ ಕೊನೆಗೆ, ಮಗಳು ಸ್ಕೂಲಿಗೆ ಸೇರುವ ಹೊತ್ತಿಗೆ, ಬೆಂಗಳೂರಿಗೇ ವರ್ಗವಾಯಿತು. ವಾರಗಟ್ಟಲೆ ನಾನು ಮನೆಯಲ್ಲಿಲ್ಲದಾಗ ಮಗಳಿಗೆ ಜಡೆ ಹಾಕುವುದನ್ನು ಮೇಷ್ಟ್ರೇ ಕಲಿತರು. ಒಮ್ಮೆ ಆಫೀಸಿನಲ್ಲಿ ಒಂದು ದೊಡ್ಡ ಅನಾಹುತದ ಸುಳಿವು ಹಿಡಿದು ತಿಂಗಳುಗಟ್ಟಲೆ ದುಡಿದಿದ್ದೆವು. ಕೊನೆಗೆ ಯಾರಿಗೂ ಏನೂ ಆಗದೆ ಅದು ತಪ್ಪಿತು. ಮಾರನೆಯ ಬೆಳಿಗ್ಗೆ ಪೇಪರ್ ಬಿಡಿಸಿದೆ. ಕ್ರಿಕೆಟ್, ಬಸ್ ದರ, ತರಕಾರಿ ಬೆಲೆ. ಎಲ್ಲಾ ಪುಟ ತಿರುವಿ ಹಾಕಿದೆ, ಆ ಅನಾಹುತದ ಒಂದು ಸಾಲೂ ಇಲ್ಲ, ಊರು ಎಂದಿನ ಹಾಗೇ ಇದೆ. ಕಣ್ಣು ತುಂಬಿ ಬಂತು.

"ಏನಿದೆ ಅದ್ರಲ್ಲಿ?" ಅಂದರು ಅವರು.

"ಏನೂ ಇಲ್ಲ."

ನನ್ನ ಮುಖ ನೋಡಿ ಮತ್ತೇನೂ ಕೇಳಲಿಲ್ಲ. "ಇವತ್ತು ಇವಳನ್ನ ಸ್ಕೂಲಿಗೆ ನೀನೇ ಬಿಡು," ಅಂದರು. ಮಗಳು ನನ್ನ ಬೆರಳು ಹಿಡಿದು ಗೇಟಿನವರೆಗೂ ಮಗ್ಗಿ ಹೇಳುತ್ತಾ ನಡೆದಳು.