ಏರಿನಲ್ಲಿ ಹತ್ತುವ ಹಳದಿ ದೀಪ

ಸಿಂಧನೂರಿನಲ್ಲಿ ಮಸ್ಕಿ ರಸ್ತೆಯ ಬದಿಗೆ ನಮ್ಮಣ್ಣನ ಆಟೋ ಎಲೆಕ್ಟ್ರಿಕ್ ಅಂಗಡಿ ಇತ್ತು. ಟ್ರಾಕ್ಟರ್, ಲಾರಿ, ಜೀಪುಗಳ ಡೈನಮೋ ಕಟ್ಟುವುದರಲ್ಲಿ ಅವನನ್ನು ಸರಿಗಟ್ಟುವವರು ಸುತ್ತಮುತ್ತ ಇರಲಿಲ್ಲ. ನಾನು ಹೈದರಾಬಾದಿನ ಒಂದು ಗ್ಯಾರೇಜಿನಲ್ಲಿ ಕೆಲಕಾಲ ಇದ್ದು, ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಊರಿಗೆ ಮರಳಿ ಅವನ ಜೊತೆ ಸೇರಿಕೊಂಡೆ. ಆಗಷ್ಟೇ ಹೊಸ ನಮೂನೆಯ ಕಾರುಗಳು ನಮ್ಮ ಕಡೆ ಕಾಣಿಸತೊಡಗಿದ್ದವು.

ಅಂಥದೊಂದು ಕಾರು ತುರ್ವಿಹಾಳದ ರೈಸ್ ಮಿಲ್ಲಿನ ಒಡತಿಯದು. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನೂ ಕಾರನ್ನೂ ಆಕೆಯೇ ನಡೆಸುತ್ತಿದ್ದಳು. ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಡಿದು ಬಂದರೆ ಚಹಾದಂಗಡಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಆಕೆ ಯಾರನ್ನೂ ನೋಡುತ್ತಿರಲಿಲ್ಲ.

ಒಂದು ಮುಂಜಾನೆ ಬಂದವಳು ಇಳಿಯುವ ಮೊದಲೇ ಹೇಳಿದಳು: “ಮಿಸ್ತ್ರಿಯವರ, ಇಂಜಿನ್ ಚಿತ್ರದ ಹಳದಿ ದೀಪ ಹತ್ತಾಕತ್ತೈತ್ರಿ. ತಾನಾ ಹತ್ತತೈತಿ, ಜರಾ ಹೊತ್ತಿಗೆ ತಾನಾ ಆರತೈತಿ.”

ಅಣ್ಣ ಬಾನೆಟ್ ಎತ್ತಿ ನೋಡಿದ. ಇಂಜಿನ್ ಸರಿಯಾಗಿ ಓಡುತ್ತಿತ್ತು, ದೀಪ ಆರಿಯೇ ಇತ್ತು. “ಗಾಡಿ ಛಲೋ ಓಡಾಕತ್ತೈತಲ್ರಿ ಅಕ್ಕಾರ. ಆ ಬಲ್ಬ್ ಒಂದು ತೆಗೆದು ಬಿಡ್ತೀನಿ. ಚಿಂತಿನ ಇರಂಗಿಲ್ಲ” ಎಂದ.

“ಬಲ್ಬ್ ತೆಗೆದ್ರ ನನಗ ಕಾಣಂಗಿಲ್ಲ ಅಷ್ಟ. ಒಳಗ ಆಗಿದ್ದು ಆಗೇ ಇರತೈತಲ್ರಿ? ಹಿಂದ ಹೊಗಿ ನೋಡ್ರಿ, ಮೊದಲ ಹಿಂಗ ವಾಸನಿ ಬರ್ತಿದ್ದಿಲ್ಲ. ಪೆಟ್ರೋಲ್ ಬ್ಯಾರೆ ಜಾಸ್ತಿ ಕುಡಿಯಾಕತ್ತೈತಿ.”

ಅಣ್ಣ ನನ್ನ ಮುಖ ನೋಡಿದ. ಅದು ಅವನು ಕೆಲಸ ಒಪ್ಪಿಸುವ ರೀತಿ.

ಹೈದರಾಬಾದಿನಲ್ಲಿ ಕಲಿತಂತೆ, ಡ್ಯಾಶ್‌ಬೋರ್ಡಿನ ಕೆಳಗಿದ್ದ ಸಾಕೆಟ್ಟಿನ ಎರಡು ಪಿನ್‌ಗಳನ್ನು ತಂತಿಯಿಂದ ಕೂಡಿಸಿದೆ. ಹಾಗೆ ಮಾಡಿದರೆ ಆ ದೀಪವೇ ಮಿಣುಕಿ, ದೋಷ ಯಾವ ಭಾಗದ್ದೆಂದು ತಿಳಿಸುತ್ತದೆ. ಅದು ಬೊಟ್ಟು ಮಾಡಿದ್ದು ಹೊಗೆ ಪೈಪಿನ ಸೆನ್ಸರಿನ ಕಡೆಗೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ನೋಡಿ, ಪೆಟ್ರೋಲ್ ಹೆಚ್ಚು ಕಡಿಮೆ ಮಾಡಲು ಸುಳಿವು ಕೊಡುವುದು ಆ ಸೆನ್ಸರು. ಅದು ಕೆಲಸ ಮಾಡಬೇಕಾದರೆ ಕಾದಿರಬೇಕು, ಕಾಯಿಸಲು ಒಂದು ವೈರಿನಲ್ಲಿ ಕರೆಂಟು ಬರುತ್ತದೆ. ಆ ವೈರಿಗೆ ಮೀಟರ್ ಹಿಡಿದರೆ ಕರೆಂಟು ಬರುತ್ತಿತ್ತು. ಸೆನ್ಸರನ್ನು ಬಿಚ್ಚಿ ನೋಡಿದರೆ ಅದೂ ಸುಟ್ಟಿರಲಿಲ್ಲ. ಮಧ್ಯಾಹ್ನದ ತನಕ ಹುಡುಕಿದರೂ ಏನೂ ಸಿಗಲಿಲ್ಲ.

ಮಿಲ್ಲಿನ ಒಡತಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದಳು. ಸಿಟ್ಟು ಮಾಡಲಿಲ್ಲ. “ನಿಂತಾಗ ಒಮ್ಮೆನೂ ಬಂದಿಲ್ಲಪಾ ಅದು” ಎಂದಳು. “ಲಿಂಗಸುಗೂರಿಗೆ ನಮ್ಮವ್ವನ ಮನಿಗೆ ಹೋಗುವಾಗ ನೋಡೀನಿ. ಏರು ಬಂದು ಗಾಡಿ ಜಗ್ಗಾಕ ಹತ್ತಿದಾಗನ ಹತ್ತತೈತಿ.”

ಮೊದಲೇ ಕೇಳಬೇಕಾಗಿದ್ದ ಮಾತು ಅದು. ಸೆನ್ಸರಿನ ಬಳಿ ವೈರಿಗೆ ಮೀಟರಿನ ಉದ್ದ ತಂತಿ ಕೂಡಿಸಿ, ಬಾನೆಟ್ಟಿನ ಸಂದಿಯಿಂದ ಕಿಟಕಿಯೊಳಗೆ ತಂದು, ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅಣ್ಣ ಹಿಂದಿನ ಸೀಟಿನಲ್ಲಿ ಕೂತ. ಆಕೆ ಮಸ್ಕಿ ಕಡೆ ಕಾರು ಹೊರಡಿಸಿದಳು.

ಸಪಾಟು ರಸ್ತೆಯಲ್ಲಿ ಮೀಟರಿನ ಮುಳ್ಳು ಅಲುಗಲಿಲ್ಲ. ಗದ್ದೆಗಳನ್ನು ದಾಟಿದ ಮೇಲೆ ಕಾಲುವೆ ಸೇತುವೆಯ ಏರು ಬಂತು. ಆಕೆ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದಳು. ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಸೇತುವೆ ಇಳಿದಾಗ ಮತ್ತೆ ಎದ್ದಿತು. ಅಷ್ಟರಲ್ಲಿ ಹಳದಿ ದೀಪವೂ ಹತ್ತಿತ್ತು.

“ಬಂತು ನೋಡ್ರಿ!” ಎಂದಳು. ಕಾಯಿಲೆ ಸಿಕ್ಕಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿರಲಿಲ್ಲ.

ಬದಿಗೆ ನಿಲ್ಲಿಸಿ ಬಾನೆಟ್ ತೆರೆದೆ. ಇಂಜಿನ್ ಜಗ್ಗಿದಾಗ ತನ್ನ ರಬ್ಬರ್ ಮೌಂಟಿನ ಮೇಲೆ ಹಿಂದಕ್ಕೆ ವಾಲುತ್ತದೆ, ಅದರೊಂದಿಗೆ ಸೆನ್ಸರೂ ವಾಲುತ್ತದೆ. ವೈರನ್ನು ಮಾತ್ರ ಟೇಪು ಸುತ್ತಿ ಗಾಡಿಯ ಮೈಗೆ ಬಿಗಿಯಾಗಿ ಕಟ್ಟಲಾಗಿತ್ತು. ಬೆರಳಿನಿಂದ ಬಾಗಿಸುತ್ತ ಹೋದೆ. ಒಂದು ಕಡೆ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು, ಒಳಗಿನ ತಾಮ್ರ ತುಂಡಾಗಿ ಆ ಜಾಗ ಮೆತ್ತಗಾಗಿತ್ತು. ಎಳೆದಾಗ ಬಿಡುತ್ತಿತ್ತು, ಬಿಟ್ಟಾಗ ಕೂಡುತ್ತಿತ್ತು.

ಟೇಪು ಸುತ್ತಿದ ಕೈ ಯಾರದೆಂದು ನನಗೆ ನೋಡಿದೊಡನೆ ಗೊತ್ತಾಯಿತು. ಹಿಂದೊಮ್ಮೆ ಮಿಲ್ಲಿನ ಇಲಿಗಳು ಈ ಕಾರಿನ ಫ್ಯಾನಿನ ವೈರು ಕಡಿದಿದ್ದಾಗ ಅದನ್ನು ಜೋಡಿಸಿ, ಉಳಿದ ವೈರುಗಳನ್ನೂ ಸೇರಿಸಿ ಕಟ್ಟಿದ್ದವನು ಅಣ್ಣ. ವೈರು ಜೋತು ಬಿದ್ದರೆ ಅವನಿಗೆ ಆಗುತ್ತಿರಲಿಲ್ಲ. ಲಾರಿಗಳಲ್ಲಿ ಅವನು ಹಾಗೆ ಕಟ್ಟಿದ ವೈರಿಂಗ್ ವರ್ಷಗಟ್ಟಲೆ ಬಾಳಿತ್ತು.

ಅಣ್ಣ ಬಗ್ಗಿ, ಟೇಪನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಆಕೆಯ ಕಡೆ ತಿರುಗಿದ. “ಇದು ನಾ ಕಟ್ಟಿದ್ದರಿ ಅಕ್ಕಾರ. ಭಾಳ ಬಿಗಿ ಕಟ್ಟೀನಿ.”

“ಇಲಿ ಕಡೀಬಾರದಂತ ಬಿಗಿ ಕಟ್ಟೀರಿ. ಈಗ ಸಡ್ಲ ಮಾಡ್ರಿ” ಎಂದಳು ಆಕೆ, ಅಷ್ಟೇ.

ಅಣ್ಣ ತಾನೇ ಟೇಪು ಕೊಯ್ದ. ಹರಿದ ಜಾಗ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಲು ಅಂಗಡಿಗೆ ಮರಳಿದೆವು. ಇಂಜಿನ್ ವಾಲಿದರೂ ಎಳೆಯದಷ್ಟು ವೈರು ಬಿಟ್ಟು ಕಟ್ಟುವಾಗ ಅವನು ಮೂಗು ಮುರಿದದ್ದು ಕಂಡಿತು. ಸಂಜೆ ಆಕೆ ಆ ಸೇತುವೆಯ ಮೇಲೆ ಎರಡು ಸಲ ಹಾಯ್ದು ಬಂದಳು. ದೀಪ ಹತ್ತಲಿಲ್ಲ.

ಆಮೇಲೆ ಅಂಥ ಕಾರುಗಳು ಬಂದರೆ ಅಣ್ಣ ನನ್ನ ಕಡೆ ಕಳಿಸುತ್ತಿದ್ದ. ಬೇಸರದಿಂದಲ್ಲ, ಟ್ರಾಕ್ಟರುಗಳ ಕೆಲಸವೇ ಅವನಿಗೆ ಸಾಕಷ್ಟಿತ್ತು. ಗಿರಾಕಿಗಳಿಗೆ ಮಾತ್ರ ಮೊದಲು ತಾನೇ ಕೇಳುತ್ತಿದ್ದ: “ನಿಂತಾಗ ಆಗತೈತೋ, ಓಡುವಾಗ ಆಗತೈತೋ? ಅದನ್ನ ಹೇಳ್ರಿ ಮೊದಲ.”