ಬೆಥಿಯಾ ಕೂಗಿದ ಹೆಸರು

ನಮ್ಮೂರಿನ ಹೆಸರು ಸ್ವೈನ್‌ಹೇವನ್, ಅಂದರೆ ಹಂದಿಗಳ ಬಂದರು. ಯಾವುದೋ ಕಾಲದಲ್ಲಿ ಹಡಗು ಒಡೆದು ಹಂದಿಗಳು ಈಜಿ ದಡ ಸೇರಿದ ಜಾಗವಂತೆ. ಆಗ ಇಲ್ಲಿ ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಜಮೀನ್ದಾರ ಕುರಿ ಮೇಯಿಸಲು ಜಾಗ ಬೇಕೆಂದು ಬೆಟ್ಟದ ಒಕ್ಕಲುಗಳನ್ನು ಎಬ್ಬಿಸಿ, ಮೀನು ಹಿಡಿದು ಬದುಕಿಕೊಳ್ಳಿ ಎಂದು ಈ ದಡಕ್ಕೆ ತಂದು ಒಗೆದ. ಹೇಗೋ ಬದುಕಿಕೊಂಡರು. ಆದರೆ ಕಡಲಿಗೆ ಹೋಗುವವರ ಮನೆಯಲ್ಲಿ ಹಂದಿಯ ಹೆಸರೆತ್ತಿದರೆ ದೋಣಿ ಮುಳುಗುತ್ತದೆಂಬ ನಂಬಿಕೆ ಈ ಕರಾವಳಿಯದು. ಯಾರಾದರೂ ಅಂದುಬಿಟ್ಟರೆ ತಕ್ಷಣ ಕಬ್ಬಿಣ ಮುಟ್ಟಬೇಕು. ಹೆಸರು ಬದಲಿಸಿ ಎಂದು ಬೇಡಿಕೊಂಡರೆ ಜಮೀನ್ದಾರ ನಕ್ಕುಬಿಟ್ಟ. ಪುಣ್ಯಾತ್ಮ, ಅವನೇನು ದೋಣಿ ಹತ್ತಬೇಕಿತ್ತೇ? ನಮ್ಮವರು ಊರ ಹೆಸರೆತ್ತದೆ 'ಮನೆ ಕಡೆ' ಅನ್ನುತ್ತಲೇ ತಲೆಮಾರುಗಳನ್ನು ದೂಡಿದರು.

ಬೆಥಿಯಾ ಫ್ಲೆಟ್ ಈ ಊರಿನ ಸೊಸೆ. ಬೆನ್ನ ಮೇಲೆ ಮೀನಿನ ಬುಟ್ಟಿ ಹೊತ್ತು ಒಳನಾಡಿನ ಹಳ್ಳಿಗಳಲ್ಲಿ ಮಾರುವವಳು. ಬೆಳಗ್ಗೆ ಅದೇ ಬೆನ್ನ ಮೇಲೆ ಗಂಡ ಗಿಲ್ಬರ್ಟ್. ಗಂಡಸರು ದಿನವಿಡೀ ಚಳಿಯಲ್ಲಿ ಒದ್ದೆ ಕಾಲಲ್ಲಿ ಕೂರಬಾರದೆಂದು ನಮ್ಮ ಹೆಂಗಸರು ಅವರನ್ನು ಕೂಸುಮರಿ ಹೊತ್ತು, ನೀರಿಗಿಳಿದು ದೋಣಿ ಹತ್ತಿಸುತ್ತಿದ್ದರು. ಗಿಲ್ಬರ್ಟ್ ಒಳ್ಳೇ ದಢೂತಿ ಆಸಾಮಿ. ಓಟ್ಸ್ ರೊಟ್ಟಿ ಒಂದು ಕಮ್ಮಿ ತಿಂದರೆ ಪ್ರಾಣ ಹೋಗುತ್ತಾ ಎಂದು ಅವಳು ದಿನಾ ಗೊಣಗುತ್ತಲೇ ಹೊರುತ್ತಿದ್ದಳು.

ಒಂದು ಮಧ್ಯಾಹ್ನ ದಟ್ಟ ಮಂಜು ಕವಿಯಿತು. ಗಿಲ್ಬರ್ಟನ ದೋಣಿ ಬಿಟ್ಟು ಎಲ್ಲ ಬಂದಿದ್ದವು. ಹೆಂಗಸರು ಕಟ್ಟೆಯ ಮೇಲೆ ನಿಂತು ಪಾತ್ರೆ ಬಡಿದರು. ಗುಡ್ಡದಾಚೆಯ ಪಕ್ಕದೂರಿನವರೂ ತಮ್ಮವರಿಗಾಗಿ ಬಡಿಯುತ್ತಿದ್ದರು. ಯಾವ ಸದ್ದು ಯಾವ ಊರಿನದೋ ಕಡಲಿನವರಿಗೆ ತಿಳಿಯುವುದು ಹೇಗೆ? ಎರಡೂರಿನ ನಡುವೆ ಬರೀ ಬಂಡೆ. ಗಿಲ್ಬರ್ಟ್ ಎಂದು ಕೂಗಿದರೆ ಆ ಊರಲ್ಲೂ ನಾಲ್ಕು ಗಿಲ್ಬರ್ಟ್. ಹುಟ್ಟು ಹಾಕುವ ಸದ್ದು ಬಂಡೆಯ ಕಡೆಗೇ ಹೋಗುತ್ತಿತ್ತು.

ಊರ ಹೆಸರು ಕೂಗುತ್ತೇನೆ ಎಂದಳು ಬೆಥಿಯಾ. ಅತ್ತೆ ಅವಳ ಶಾಲು ಹಿಡಿದು ಜಗ್ಗಿದಳು.

"ಹಾಳಾದೋಳೇ, ನನ್ನ ಮಗನ್ನ ಮುಳುಗಿಸ್ತೀಯಾ?"

"ಸುಮ್ನಿದ್ರೂ ಮುಳುಗ್ತಾನೆ ಅತ್ತೆ, ಬಿಡಿ."

ಗಂಟಲು ಹರಿಯುವ ಹಾಗೆ ಕೂಗಿದಳು: "ಸ್ವೈನ್‌ಹೇವನ್! ಸ್ವೈನ್‌ಹೇವನ್!" ಮಿಕ್ಕ ಹೆಂಗಸರು ದೋಣಿ ಕಟ್ಟುವ ಕಬ್ಬಿಣದ ಬಳೆ ಮುಟ್ಟಲು ಎದ್ದುಬಿದ್ದು ಓಡಿದರು. ಹುಟ್ಟಿನ ಸದ್ದು ಒಮ್ಮೆ ನಿಂತಿತು. ಆಮೇಲೆ ಈ ಕಡೆ ತಿರುಗಿತು.

ದೋಣಿಯಿಂದಿಳಿದ ಒಬ್ಬನೂ ಅವಳ ಮುಖ ನೋಡಲಿಲ್ಲ. ಎಲ್ಲರೂ ಆ ಬಳೆ ಮುಟ್ಟಿ ಮನೆಗೆ ನಡೆದರು, ಗಿಲ್ಬರ್ಟ್ ಕೂಡ. ಮಾರನೆಯ ಬೆಳಗ್ಗೆ ಊರೆಲ್ಲ ನೋಡುತ್ತಿರುವಾಗ ಅವನು ಹೆಂಡತಿಯನ್ನು ದಾಟಿ ತಾನೇ ನೀರಿಗಿಳಿದ. ಖಾಲಿ ಬೆನ್ನಲ್ಲಿ ನಿಂತ ಬೆಥಿಯಾಗೆ ಬದುಕಿಸಿದ್ದೇ ತಪ್ಪಾಯಿತೇನೋ ಎಂದು ಅಳು ಬಂತು. ಬೇಸಿಗೆ ಪೂರ್ತಿ ಅವನದು ಅದೇ ಹಟ. ಕೆಮ್ಮು ಹತ್ತಿದರೂ ಬಿಡಲಿಲ್ಲ.

ಚಳಿಗಾಲದ ಮೊದಲಿಗೆ, ಕಡಲಂಚು ಮಸುಕಾಗಿದ್ದ ಒಂದು ಬೆಳಗ್ಗೆ, ಹಿಂದಿನಿಂದ ಅವಳ ಹೆಗಲ ಮೇಲೆ ಕೈ ಬಿತ್ತು. ಅವಳು ಬಗ್ಗಿ ಬೆನ್ನು ಕೊಟ್ಟಳು. ನೀರು ಸೊಂಟಕ್ಕೆ ಬಂದಾಗ ಗಿಲ್ಬರ್ಟ್ ಅವಳ ಕಿವಿಯಲ್ಲಿ ಮೆಲ್ಲಗೆ ಅಂದ:

"ಮಂಜು ಬಿದ್ರೆ ಅವತ್ತಿನ ಹಾಗೇ ಕೂಗು."

ಅವಳ ಕತ್ತು ಬಳಸಿದ್ದ ಅವನ ಮುಷ್ಟಿಯೊಳಗೆ ತುಕ್ಕು ಹಿಡಿದ ಮೊಳೆಯೊಂದಿತ್ತು.